ವಸಂತದ ಹೂವೂ ಶ್ರೀಗಂಧದ ತೈಲವೂ



ಯುಗಾದಿಯ ದಿನಗಳಲ್ಲಿ ಬೆಂಗಳೂರಿನಿಂದ ಪೀಣ್ಯದ ಕಡೆಗೆ ಹೊರಟವರಿಗೆ ಎರಡು ಪರಿಮಳಗಳು ಎದುರಾಗುವುವು. ಒಂದು, ಹಾದಿಯ ಹೊಂಗೆಯ ಹೂವಿನದು; ಇನ್ನೊಂದು, ಯಶವಂತಪುರದ ಬಳಿಯ ಸರ್ಕಾರಿ ಸಾಬೂನು ಕಾರ್ಖಾನೆಯ ಶ್ರೀಗಂಧದ್ದು. ಮೊದಲನೆಯದು ಹಸುಳೆಯ ನಗೆಯಂತೆ ಬಂದಷ್ಟೇ ಬೇಗನೆ ಹೋಗುವುದು. ಎರಡನೆಯದು ವೃದ್ಧರ ಮಾತಿನಂತೆ ಮೆಲ್ಲನೆ ಬಂದು ಬಹುಕಾಲ ನಿಲ್ಲುವುದು. ನನ್ನ ಮನಸ್ಸಿಗೆ ತೋರುವುದು ಹೀಗೆ.

ಶ್ರೀಗಂಧದ ಮರವೂ ಹೂ ಬಿಡುತ್ತದೆ. ಆ ಕಿರುಹೂವು ಮೊದಲು ತಿಳಿಹಳದಿಯಾಗಿದ್ದು ಕ್ರಮೇಣ ಕೆಂಗಂದಾಗುವುದು. ಆದರೆ ಅದರಲ್ಲಿ ಸುವಾಸನೆಯೆಂಬುದು ಇಲ್ಲ. ಗಂಧವೆಲ್ಲವೂ ಕಾಂಡದ ಚೇಗಿನಲ್ಲಿಯೂ ಬೇರಿನಲ್ಲಿಯೂ ಹಲವು ವರ್ಷಗಳಲ್ಲಿ ಕೂಡಿಬರತಕ್ಕದ್ದು. ಈ ಮರ ನೆರೆಯ ಗಿಡಗಳ ಬೇರಿನಿಂದ ಆಹಾರವನ್ನು ಹೀರಿ ಬದುಕುತ್ತದೆ. ಅದಕ್ಕೆ ಆಶ್ರಯವಾಗಬಲ್ಲ ಮರಗಳಲ್ಲಿ ನಮ್ಮ ಹೊಂಗೆಯೂ ಒಂದು.

ಮೈಸೂರಿನ ಗಂಧದ ಕೊರಡು ಹಿಂದೆ ಹರಾಜಿನಲ್ಲಿ ಮಾರಾಟವಾಗಿ ಯೂರೋಪಿಗೆ, ವಿಶೇಷವಾಗಿ ಜರ್ಮನಿಗೆ ಹೋಗುತ್ತಿದ್ದಿತು. ತೈಲವನ್ನು ಇಳಿಸುವ ಲಾಭ ಅಲ್ಲಿಯವರದು. 1914ರ ಮಹಾಯುದ್ಧದಿಂದ ಆ ವ್ಯಾಪಾರ ನಿಂತಿತು. ಸರ್. ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಆ ಕಾಲದಲ್ಲಿ, ಟಾಟಾ ವಿಜ್ಞಾನಮಂದಿರದ ಸಡ್‌ಬರೋ, ವ್ಯಾಟ್ಸನ್ ಎಂಬ ರಸಾಯನಜ್ಞರ ಪ್ರಯೋಗಗಳ ಬಲದಿಂದ, 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ತೈಲದ ಕಾರ್ಖಾನೆಗಳು ಸ್ಥಾಪಿತವಾದುವು. 1918ರಲ್ಲಿ ಸಾಬೂನೂ ಹೊರಬಂದಿತು. ಅದನ್ನು ರೂಪಿಸಿದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಸಂಕಟವೇ ಉದ್ಯಮಕ್ಕೆ ಬೀಜವಾದುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ವಿರಳ.

ಹೂವಿಗೂ ಗಂಧಕ್ಕೂ ಇನ್ನೊಂದು ಸಂಬಂಧವುಂಟು. ಉತ್ತರದ ಕನೌಜಿನಲ್ಲಿ ಅತ್ತರು ಮಾಡುವವರು ಹೂಗಳನ್ನು ನೀರಿನಲ್ಲಿ ಕುದಿಸಿ, ಆ ಆವಿಯನ್ನು ಶ್ರೀಗಂಧದ ತೈಲದಲ್ಲಿ ಸೆರೆಹಿಡಿಯುವುದು ಪರಂಪರೆಯ ಕ್ರಮ. ಒಂದು ಬೆಳಗಿನ ಗುಲಾಬಿ ವರ್ಷಗಳ ಕಾಲ ಉಳಿಯುವುದು ಈ ಮರದ ಕೃಪೆಯಿಂದ.

ಇಂತಹ ಮರವನ್ನು ನಾವು ಉಳಿಸಿಕೊಂಡೆವೇ? 1792ರಲ್ಲಿ ಟಿಪ್ಪು ಸುಲ್ತಾನನು ಅದನ್ನು ರಾಜವೃಕ್ಷವೆಂದು ಸಾರಿದನು; ಮುಂದಿನ ಸರ್ಕಾರಗಳೂ ಆ ಹಕ್ಕನ್ನು ಬಿಡಲಿಲ್ಲ. ತನ್ನ ಹೊಲದಲ್ಲಿ ಹುಟ್ಟಿಯೂ ತನ್ನದಾಗದ ಸಸಿಯನ್ನು ರೈತನು ಅಕ್ಕರೆಯಿಂದ ಬೆಳೆಸುವನೆಂದು ನಂಬುವುದು ಹೇಗೆ? ಅತ್ತ ಕಳ್ಳರ ಕೊಡಲಿಗೆ ಕಾಡು ಬರಿದಾಯಿತು. ನೆಲದ ಒಡೆಯನೇ ಮರದ ಒಡೆಯನೆಂದು ಕರ್ನಾಟಕದ ಕಾನೂನು ಒಪ್ಪಿದ್ದು 2001ರಲ್ಲಿ.

ಹೊಂಗೆ ಪ್ರತಿ ವಸಂತದಲ್ಲಿಯೂ ತಾನಾಗಿಯೇ ಅರಳುವುದು. ಶ್ರೀಗಂಧವಾದರೋ, ನೆಟ್ಟವನು ಬಹುಕಾಲ ಕಾಯಬೇಕು. ಕಾದವನಿಗೆ ಅದರ ಫಲವೂ ದಕ್ಕಬೇಕು. ಇವೆರಡೂ ಕೂಡಿದರೆ ಮಾತ್ರವೇ ಗಂಧದ ನಾಡೆಂಬ ಹೆಸರು ನಮಗೆ ಸಲ್ಲುವುದು.