ಎಫ್ಫಥಾ: ಕಿವಿ ಕೇಳದವರ ಬಳಿಗೆ ನಡೆದು ಹೋದವರು



ಜನವರಿ 24 ಸಂತ ಫ್ರಾನ್ಸಿಸ್ ದೆ ಸೇಲ್ಸ್‌ರವರ ಹಬ್ಬ. ಅವರು ಬರಹಗಾರರ ಪಾಲಕ ಸಂತರೆಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತು. 1923ರಲ್ಲಿ ಜಗದ್ಗುರು ಹನ್ನೊಂದನೆಯ ಪಿಯುಸ್‌ರವರು ಅವರಿಗೆ ಆ ಸ್ಥಾನವನ್ನು ಕೊಟ್ಟರು. ಆದರೆ ಇನ್ನೊಂದು ಬಳಗದವರೂ ಈ ಸಂತರನ್ನು ತಮ್ಮ ಪಾಲಕರೆಂದು ನಂಬಿ ಪ್ರಾರ್ಥಿಸುತ್ತಾರೆ. ಅವರು ಕಿವಿ ಕೇಳದವರು. ಅದರ ಹಿಂದಿನ ಕಥೆಯನ್ನು ಈ ಹಬ್ಬದ ಸಂದರ್ಭದಲ್ಲಿ ನಾವು ನೆನೆಯೋಣ. ಏಕೆಂದರೆ ಆ ಕಥೆಗೂ ನಮ್ಮ ಮನೆಯ ಮೂಲೆಯಲ್ಲಿ ಸುಮ್ಮನೆ ಕುಳಿತಿರುವ ಅಜ್ಜ ಅಜ್ಜಿಯರಿಗೂ ಹತ್ತಿರದ ಸಂಬಂಧವಿದೆ.

ಮೊದಲು ಶುಭಸಂದೇಶಕ್ಕೆ ಬರೋಣ. ಸಂತ ಮಾರ್ಕನು ಏಳನೆಯ ಅಧ್ಯಾಯದಲ್ಲಿ ದೆಕಪೊಲಿ ಪ್ರಾಂತ್ಯದ ಒಬ್ಬ ಕಿವುಡನ ಬಗ್ಗೆ ಹೇಳುತ್ತಾನೆ. ಆತನಿಗೆ ಮಾತೂ ಸರಿಯಾಗಿ ಬರುತ್ತಿರಲಿಲ್ಲ. ಯೇಸುಸ್ವಾಮಿ ಊರಿಗೆ ಬಂದ ಸುದ್ದಿ ಆತನ ಕಿವಿಗೆ ಬೀಳುವಂತಿರಲಿಲ್ಲ. ಬೇರೆಯವರು ಆತನನ್ನು ಕರೆತಂದರು. ಯೇಸು ಮಾಡಿದ ಮೊದಲ ಕೆಲಸವೇನು? ಆತನನ್ನು ಜನರ ಗುಂಪಿನಿಂದ ಬೇರೆಯಾಗಿ ಕರೆದೊಯ್ದರು. ಬೆರಳುಗಳನ್ನು ಆತನ ಕಿವಿಯಲ್ಲಿಟ್ಟರು, ನಾಲಿಗೆಯನ್ನು ಮುಟ್ಟಿದರು, ಆಕಾಶದತ್ತ ಕಣ್ಣೆತ್ತಿ ನಿಟ್ಟುಸಿರಿಟ್ಟರು. ಇವೆಲ್ಲವೂ ಕಿವಿಯಿಲ್ಲದೆ ಕಣ್ಣಿನಿಂದ, ಸ್ಪರ್ಶದಿಂದ ಅರ್ಥವಾಗುವ ಮಾತುಗಳು. ಅನಂತರವೇ 'ಎಫ್ಫಥಾ', ಅಂದರೆ 'ತೆರೆಯಲಿ' ಎಂದರು. ಸ್ವಾಮಿ ಮೊದಲು ಆತನ ಭಾಷೆಯಲ್ಲಿ ಮಾತನಾಡಿದರು, ಆಮೇಲೆ ತಮ್ಮ ಭಾಷೆಯಲ್ಲಿ. ಈ ಕ್ರಮವನ್ನು ನಾವು ಮರೆಯಬಾರದು.

ಆದರೆ ಧರ್ಮಸಭೆಯ ಮಕ್ಕಳಾದ ನಾವು ಅದನ್ನು ಅನೇಕ ಸಲ ಮರೆತಿದ್ದೇವೆ. ವಿಶ್ವಾಸವು ಕೇಳುವುದರಿಂದ ಹುಟ್ಟುತ್ತದೆ ಎಂಬ ಅರ್ಥದಲ್ಲಿ ಸಂತ ಪೌಲನು ರೋಮನರಿಗೆ ಬರೆದನು. ಕೆಲವರು ಅದನ್ನು ಅಕ್ಷರಶಃ ಹಿಡಿದುಕೊಂಡು, ಹುಟ್ಟು ಕಿವುಡರಿಗೆ ಧರ್ಮೋಪದೇಶ ಮಾಡಲು ಸಾಧ್ಯವಿಲ್ಲ ಎಂದು ತೀರ್ಮಾನಿಸಿಬಿಟ್ಟರು. ಸಂತ ಅಗುಸ್ತೀನರು ನಾಲ್ಕನೆಯ ಶತಮಾನದಲ್ಲೇ, ಕಿವುಡರು ಸನ್ನೆಗಳಿಂದ ತಮ್ಮತಮ್ಮಲ್ಲಿ ಸಂಭಾಷಿಸುವುದನ್ನು ಗಮನಿಸಿ ಬರೆದಿದ್ದರು. ಆದರೂ ನೂರಾರು ವರ್ಷ ಯಾರೂ ಆ ಜಾಡು ಹಿಡಿದು ಮುಂದೆ ಹೋಗಲಿಲ್ಲ. ಹದಿನಾರನೆಯ ಶತಮಾನದಲ್ಲಿ ಸ್ಪೇನ್ ದೇಶದ ಓನ್ಯಾ ಎಂಬಲ್ಲಿದ್ದ ಬೆನೆಡಿಕ್ಟ್ ಸಭೆಯ ಮಠವಾಸಿ ಪೆದ್ರೊ ಪೋನ್ಸೆ ದೆ ಲೆಯೋನ್‌ರವರು ಶ್ರೀಮಂತ ಮನೆತನದ ಕಿವುಡ ಮಕ್ಕಳಿಗೆ ಓದು, ಬರಹ, ಮಾತು ಕಲಿಸಿದರು. ಮೌನವ್ರತದ ವೇಳೆಯಲ್ಲಿ ಮಠದವರು ಕೈಸನ್ನೆಯಿಂದ ಮಾತಾಡುವ ರೂಢಿ ಇತ್ತು. ಅದೇ ಅವರಿಗೆ ದಾರಿ ತೋರಿಸಿರಬೇಕೆಂದು ಇತಿಹಾಸಕಾರರು ಊಹಿಸುತ್ತಾರೆ.

ಇನ್ನು ನಮ್ಮ ಹಬ್ಬದ ಸಂತರ ಕಥೆ. ಫ್ರಾನ್ಸಿಸ್‌ರವರು 1567ರಲ್ಲಿ ಸವೋಯ್ ನಾಡಿನಲ್ಲಿ ಹುಟ್ಟಿದರು. 1602ರಲ್ಲಿ ಜಿನೀವಾದ ಧರ್ಮಾಧ್ಯಕ್ಷರಾದರು. 1605ರ ತಪಸ್ಸುಕಾಲದಲ್ಲಿ ಲಾ ರೋಶ್ ಎಂಬ ಊರಿಗೆ ಪ್ರಬೋಧನೆ ಮಾಡಲು ಹೋದಾಗ, ಮಾರ್ಟಿನ್ ಎಂಬ ಕೆಲಸದಾಳು ಅವರ ಕಣ್ಣಿಗೆ ಬಿದ್ದ. ಹುಟ್ಟಿನಿಂದಲೇ ಆತನಿಗೆ ಕಿವಿ ಕೇಳಿಸದು, ಮಾತು ಬಾರದು. ಒಳ್ಳೆಯ ಹುಡುಗ, ಚುರುಕು ಬುದ್ಧಿ. ಆದರೆ ಧರ್ಮೋಪದೇಶ ಕೇಳಲಾರದವನೆಂಬ ಕಾರಣಕ್ಕೆ ಪರಮಪ್ರಸಾದದಿಂದ ದೂರ ಉಳಿದಿದ್ದ. ಧರ್ಮಾಧ್ಯಕ್ಷರ ಸುತ್ತ ಕೆಲಸಗಳ ರಾಶಿಯೇ ಇತ್ತು. ಆದರೂ ಅವರು ಮಾರ್ಟಿನ್‌ನನ್ನು ತಮ್ಮ ಮನೆಗೆ ಕರೆದುಕೊಂಡು ಬಂದರು. ತಾವೇ ಸನ್ನೆಗಳನ್ನು ಹುಡುಕಿ, ಆತನ ಸನ್ನೆಗಳನ್ನು ಕಲಿತು, ದೇವರ ಬಗ್ಗೆ, ಸಂಸ್ಕಾರಗಳ ಬಗ್ಗೆ ತಿಳಿಸಿಕೊಟ್ಟರು. ಮಾರ್ಟಿನ್ ಸನ್ನೆಗಳಲ್ಲೇ ಪಾಪನಿವೇದನೆ ಮಾಡಿ, ಪರಮಪ್ರಸಾದ ಸ್ವೀಕರಿಸಿದ. ಸಂತರ ಮನೆಯವನಾಗಿಯೇ ಉಳಿದ.

ಪ್ರಿಯರೇ, ಇಲ್ಲಿ ಕಿವಿ ತೆರೆಯುವ ಪವಾಡ ನಡೆಯಲಿಲ್ಲ. ಮಾರ್ಟಿನ್ ಕೊನೆಯವರೆಗೂ ಕಿವುಡನಾಗಿಯೇ ಇದ್ದ. ತೆರೆದದ್ದು ಧರ್ಮಾಧ್ಯಕ್ಷರ ಕೈ, ಮನೆಯ ಬಾಗಿಲು, ಪರಮಪ್ರಸಾದದ ಪೀಠ.

ಇದಾಗಿ ನೂರೈವತ್ತು ವರ್ಷಗಳ ಮೇಲೆ, ಸುಮಾರು 1760ರಲ್ಲಿ, ಪ್ಯಾರಿಸ್ ನಗರದಲ್ಲಿ ಇಂತಹದೇ ಇನ್ನೊಂದು ಭೇಟಿ ನಡೆಯಿತು. ಶಾರ್ಲ್ ಮಿಷೆಲ್ ದೆ ಲೆಪೆ ಎಂಬ ಗುರುಗಳು ಒಂದು ಬಡ ಮನೆಗೆ ಹೋದರು. ಇಬ್ಬರು ಹೆಣ್ಣುಮಕ್ಕಳು ಹೊಲಿಗೆಯಲ್ಲಿ ತೊಡಗಿದ್ದರು. ಮಾತಾಡಿಸಿದರೆ ಉತ್ತರವಿಲ್ಲ. ಎಂಥ ಮರ್ಯಾದೆಯಿಲ್ಲದ ಮಕ್ಕಳೆಂದು ಬೇಸರಪಡುವಷ್ಟರಲ್ಲಿ ತಾಯಿ ಬಂದು ಅಳುತ್ತಾ ವಿಷಯ ತಿಳಿಸಿದರು. ಇಬ್ಬರೂ ಕಿವುಡರು. ಚಿತ್ರಗಳನ್ನು ತೋರಿಸಿ ಅವರಿಗೆ ಪಾಠ ಹೇಳುತ್ತಿದ್ದ ಗುರುಗಳು ತೀರಿಕೊಂಡಿದ್ದರು. ತನ್ನ ಮಕ್ಕಳು ದೇವರನ್ನು ತಿಳಿಯದೆಯೇ ಸಾಯುವರಲ್ಲ ಎಂಬುದು ಆ ತಾಯಿಯ ಸಂಕಟ.

ಗುರು ಲೆಪೆಯವರು ಆ ಮಕ್ಕಳ ಹೊಣೆ ಹೊತ್ತರು. ಬೇರೆಯವರಂತೆ ಮಾತು ಕಲಿಸುವುದರಿಂದಲೇ ಅವರು ಆರಂಭಿಸಲಿಲ್ಲ. ಕಿವುಡರ ನಡುವೆ ಆಗಲೇ ಬಳಕೆಯಲ್ಲಿದ್ದ ಸನ್ನೆಗಳನ್ನು ಕಲಿತು, ಅದಕ್ಕೆ ಫ್ರೆಂಚ್ ವ್ಯಾಕರಣಕ್ಕೆ ಬೇಕಾದ ಸನ್ನೆಗಳನ್ನು ಸೇರಿಸಿ ಪಾಠಕ್ರಮ ರೂಪಿಸಿದರು. ತಮ್ಮ ಸ್ವಂತ ಮನೆಯಲ್ಲೇ ಉಚಿತ ಶಾಲೆ ತೆರೆದರು. ಬಡವ ಬಲ್ಲಿದ ಎಂಬ ಭೇದವಿರಲಿಲ್ಲ. 1789ರ ಡಿಸೆಂಬರ್ 23ರಂದು ಅವರು ತೀರಿಕೊಂಡರು. 1791ರಲ್ಲಿ ಫ್ರಾನ್ಸ್ ದೇಶವು ಆ ಶಾಲೆಯನ್ನು ರಾಷ್ಟ್ರೀಯ ಸಂಸ್ಥೆಯಾಗಿ ವಹಿಸಿಕೊಂಡಿತು. ಅಲ್ಲಿ ಕಲಿತು ಅಲ್ಲಿಯೇ ಅಧ್ಯಾಪಕರಾಗಿದ್ದ ಲೋರಾನ್ ಕ್ಲೆರ್ ಎಂಬ ಕಿವುಡರು ಅಮೆರಿಕಕ್ಕೆ ಹೋಗಿ, 1817ರಲ್ಲಿ ಹಾರ್ಟ್‌ಫರ್ಡ್ ನಗರದಲ್ಲಿ ಶಾಲೆ ಆರಂಭವಾಗಲು ನೆರವಾದರು. ಒಬ್ಬ ತಾಯಿಯ ಕಣ್ಣೀರು ಎಷ್ಟು ದೂರ ಹರಿಯಿತು ನೋಡಿ!

ಆದರೆ ಇತಿಹಾಸ ಹೇಳುವಾಗ ನಮಗೆ ಹಿತವಾದುದನ್ನು ಮಾತ್ರ ಹೇಳಿದರೆ ಅದು ಸತ್ಯವಾಗದು. 1880ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅದರ ಅಧ್ಯಕ್ಷರಾಗಿದ್ದವರು ಜೂಲಿಯೊ ತಾರ್ರಾ ಎಂಬ ಕಥೋಲಿಕ ಗುರುಗಳೇ. ಸನ್ನೆಗಿಂತ ಬಾಯಿಮಾತೇ ಶ್ರೇಷ್ಠ, ಶಾಲೆಗಳಲ್ಲಿ ಅದನ್ನೇ ಕಲಿಸಬೇಕು ಎಂದು ಸಮ್ಮೇಳನ ನಿರ್ಣಯಿಸಿತು. ಸೇರಿದ್ದವರಲ್ಲಿ ಬಹುತೇಕ ಎಲ್ಲರೂ ಕಿವಿ ಕೇಳುವವರು. ಯಾರ ಬದುಕಿನ ಬಗ್ಗೆ ತೀರ್ಮಾನವಾಗುತ್ತಿತ್ತೋ ಅವರನ್ನು ಕೇಳಿದವರಿಲ್ಲ. ಮುಂದೆ ಎಷ್ಟೋ ದೇಶಗಳ ಶಾಲೆಗಳಲ್ಲಿ ಮಕ್ಕಳು ಸನ್ನೆ ಮಾಡುವುದನ್ನೇ ನಿಷೇಧಿಸಲಾಯಿತು. ಕಿವುಡ ಅಧ್ಯಾಪಕರು ಕೆಲಸ ಕಳೆದುಕೊಂಡರು. 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದ ಅದೇ ಸಮ್ಮೇಳನವು ಆ ನಿರ್ಣಯಗಳನ್ನು ತಳ್ಳಿಹಾಕಿ ವಿಷಾದ ವ್ಯಕ್ತಪಡಿಸಿತು. ಅದಕ್ಕೆ 130 ವರ್ಷ ಬೇಕಾಯಿತು.

ಮಿಲಾನಿನಲ್ಲಿ ಸೇರಿದ್ದವರು ಕೆಟ್ಟವರಲ್ಲ. ಕಿವುಡ ಮಕ್ಕಳಿಗೆ ಒಳ್ಳೆಯದನ್ನೇ ಬಯಸಿದವರು. ಆದರೆ 'ನೀನು ನಮ್ಮ ಹಾಗೆ ಮಾತಾಡಲು ಕಲಿತುಕೊ, ಆಮೇಲೆ ನಮ್ಮೊಂದಿಗೆ ಬಾ' ಎಂದರು. ಸಂತ ಫ್ರಾನ್ಸಿಸ್‌ರವರು 'ನಾನೇ ನಿನ್ನ ಬಳಿಗೆ ಬರುತ್ತೇನೆ' ಎಂದರು. ಇಡೀ ಇತಿಹಾಸದ ಪಾಠ ಈ ವ್ಯತ್ಯಾಸದಲ್ಲಿದೆ.

ಇದೆಲ್ಲ ಹುಟ್ಟು ಕಿವುಡರ ಮಾತಾಯಿತು, ನಮಗೇನು ಎಂದು ಕೆಲವರು ಕೇಳಬಹುದು. ಆದರೆ ನಡುವಯಸ್ಸಿನಲ್ಲೋ ಮುಪ್ಪಿನಲ್ಲೋ ಕಿವಿ ಮಂದವಾಗುವವರ ಸಂಖ್ಯೆ ಬಹಳ ದೊಡ್ಡದು. ಲೋಕದಲ್ಲಿ 43 ಕೋಟಿಗೂ ಹೆಚ್ಚು ಜನರಿಗೆ ಕೇಳುವಿಕೆಯ ತೊಂದರೆಗಾಗಿ ನೆರವು ಬೇಕಾಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯು 2021ರ ತನ್ನ ವರದಿಯಲ್ಲಿ ಹೇಳಿದೆ.

ಮಹಾನ್ ಸಂಗೀತಗಾರ ಬೀಥೋವನ್‌ರವರಿಗೆ ಮೂವತ್ತು ತುಂಬುವ ಮೊದಲೇ ಕಿವಿ ಮಂದವಾಗತೊಡಗಿತ್ತು. 1802ರಲ್ಲಿ ವಿಯೆನ್ನಾ ಬಳಿಯ ಹೈಲಿಗನ್‌ಸ್ಟಾಟ್‌ನಲ್ಲಿದ್ದಾಗ ಅವರು ತಮ್ಮ ತಮ್ಮಂದಿರಿಗಾಗಿ ಒಂದು ಪತ್ರ ಬರೆದಿಟ್ಟರು. ಜನ ತನ್ನನ್ನು ಸಿಡುಕ, ಮನುಷ್ಯದ್ವೇಷಿ ಎನ್ನುತ್ತಾರೆ. ತಾನು ಕಿವುಡ, ಸ್ವಲ್ಪ ಗಟ್ಟಿಯಾಗಿ ಮಾತಾಡಿ ಎಂದು ಹೇಳಲು ನಾಚಿಕೆಯಾಗಿ ಎಲ್ಲರಿಂದ ದೂರ ಸರಿದಿದ್ದೇನೆ ಎಂಬುದು ಅದರ ಸಾರ. ಮುಂದೆ, 1818ರಿಂದ, ಅವರು ಒಂದು ಪುಸ್ತಕವನ್ನು ಜೊತೆಗಿಟ್ಟುಕೊಂಡರು. ಬಂದವರು ತಾವು ಹೇಳುವುದನ್ನು ಅದರಲ್ಲಿ ಬರೆಯುತ್ತಿದ್ದರು, ಅವರು ಬಾಯಿಮಾತಿನಲ್ಲಿ ಉತ್ತರಿಸುತ್ತಿದ್ದರು. 1824ರಲ್ಲಿ ಅವರ ಒಂಬತ್ತನೆಯ ಸಿಂಫನಿ ಮೊದಲ ಬಾರಿ ನಡೆದಾಗ ಜನರ ಚಪ್ಪಾಳೆ ಅವರಿಗೆ ಕೇಳಿಸಲಿಲ್ಲ. ಹಾಡುಗಾರ್ತಿಯೊಬ್ಬರು ಅವರನ್ನು ಜನರತ್ತ ತಿರುಗಿಸಿದರಂತೆ. ಆಗ ಕಣ್ಣಿನಿಂದ ಆ ಚಪ್ಪಾಳೆಯನ್ನು ಕಂಡರು.

ಇದೇ ನಮ್ಮ ಮನೆಗಳ ಕಥೆಯೂ ಅಲ್ಲವೇ? ಸಂಜೆ ಜಪಸರ ಹೇಳುವಾಗ ಅಜ್ಜಿ ಒಂದು ಪ್ರಾರ್ಥನೆ ಹಿಂದೆ ಬೀಳುತ್ತಾರೆ, ಮೊಮ್ಮಕ್ಕಳು ಮುಸಿಮುಸಿ ನಗುತ್ತಾರೆ. ಊಟದ ಹೊತ್ತಿನಲ್ಲಿ ಎಲ್ಲರೂ ನಕ್ಕಾಗ ಅಜ್ಜ ಏನೆಂದು ಕೇಳುತ್ತಾರೆ. 'ಏನಿಲ್ಲ ಬಿಡಿ' ಎಂದುಬಿಡುತ್ತೇವೆ. ಆ ಮಾತನ್ನು ನಾಲ್ಕು ಸಲ ಕೇಳಿದವರು ಐದನೆಯ ಸಲ ಪ್ರಶ್ನೆಯನ್ನೇ ಕೇಳುವುದಿಲ್ಲ. ದೇವಾಲಯದಲ್ಲೂ ಎಲ್ಲರೂ ಎದ್ದಾಗ ಏಳುತ್ತಾರೆ, ಕುಳಿತಾಗ ಕುಳಿತುಕೊಳ್ಳುತ್ತಾರೆ. ಪ್ರಬೋಧನೆಯ ಒಂದು ಮಾತೂ ಅವರಿಗೆ ತಲುಪಿರುವುದಿಲ್ಲ. ಒಂದು ದಿನ 'ಮೈ ಸರಿಯಿಲ್ಲ' ಎಂದು ಪೂಜೆಗೆ ಬರುವುದನ್ನೇ ನಿಲ್ಲಿಸುತ್ತಾರೆ. ಕಿವಿ ಹೋಯಿತೆಂಬ ದುಃಖಕ್ಕಿಂತ ನಮ್ಮವರು ದೂರವಾದರೆಂಬ ದುಃಖ ಅವರಿಗೆ ದೊಡ್ಡದು.

ನಾವು ಮಾಡಬಹುದಾದ ಕೆಲಸ ಬಹಳಷ್ಟಿದೆ. ಭಾರತದಲ್ಲಿ ಕಿವುಡ ಮಕ್ಕಳ ಆರಂಭದ ಶಾಲೆಗಳಲ್ಲೊಂದು 1880ರ ದಶಕದಲ್ಲಿ ಮುಂಬಯಿಯ ಧರ್ಮಾಧ್ಯಕ್ಷ ಲಿಯೋ ಮ್ಯುರಿನ್‌ರವರ ಪ್ರಯತ್ನದಿಂದ ಹುಟ್ಟಿತು. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿ ಮಂದವಾದವರನ್ನು 'ವಯಸ್ಸಾಯಿತು' ಎಂದು ಬಿಡದೆ ಅಂತಹ ಕಡೆ ಪರೀಕ್ಷೆಗೆ ಕರೆದೊಯ್ಯೋಣ. ಶ್ರವಣ ಯಂತ್ರ ಹಾಕಿಕೊಂಡ ಮೊದಲ ದಿನವೇ ಎಲ್ಲ ಸರಿಹೋಗದು. ಪಾತ್ರೆಯ ಸದ್ದು, ಫ್ಯಾನಿನ ಸದ್ದು ಎಲ್ಲವೂ ಒಟ್ಟಿಗೆ ನುಗ್ಗಿ ಬರುತ್ತದೆ. ಕೆಲವು ವಾರಗಳ ತಾಳ್ಮೆ ಅವರಿಗೂ ಬೇಕು, ನಮಗೂ ಬೇಕು.

ಮನೆಯಲ್ಲಿ ಮಾತಾಡುವಾಗ ಟೀವಿ ನಿಲ್ಲಿಸೋಣ. ಬೆಳಕಿನಲ್ಲಿ ಎದುರಿಗೆ ಕುಳಿತು, ಮುಖ ಕಾಣುವಂತೆ, ಕಿರುಚದೆ, ನಿಧಾನವಾಗಿ ಮಾತಾಡೋಣ. ಒಮ್ಮೆ ಅರ್ಥವಾಗದಿದ್ದರೆ ಬೇರೆ ಪದಗಳಲ್ಲಿ ಹೇಳೋಣ, ಇಲ್ಲವೇ ಒಂದು ಚೀಟಿಯಲ್ಲಿ ಬರೆದುಕೊಡೋಣ. ಧರ್ಮಕೇಂದ್ರಗಳಲ್ಲಿ ಅವರಿಗಾಗಿ ಮುಂದಿನ ಸಾಲು ಬಿಟ್ಟುಕೊಡೋಣ. ವಾಚನಗಳನ್ನು ಮೊದಲೇ ಮುದ್ರಿಸಿ ಕೈಗೆ ಕೊಡೋಣ. ಪಾಪನಿವೇದನೆಗೆ ಜಾಲರಿಯ ಮರೆಯಲ್ಲದೆ, ಗುರುಗಳ ಮುಖ ಕಾಣುವ, ಬೇರೆಯವರಿಗೆ ಕೇಳಿಸದ ಒಂದು ಕೋಣೆ ಇರಲಿ. ಮಾತು ಬಾರದವರು ದುಭಾಷಿಯ ಮೂಲಕ ಪಾಪನಿವೇದನೆ ಮಾಡಲು ಧರ್ಮಸಭೆಯ ಕಾನೂನೇ ಅವಕಾಶ ಕೊಡುತ್ತದೆ. ನಮ್ಮ ಯುವಜನರಲ್ಲಿ ನಾಲ್ಕು ಮಂದಿಯಾದರೂ ಭಾರತೀಯ ಸನ್ನೆ ಭಾಷೆಯನ್ನು ಕಲಿತರೆ ಎಷ್ಟು ಚೆನ್ನ! 2009ರ ನವೆಂಬರ್‌ನಲ್ಲಿ ವ್ಯಾಟಿಕನ್‌ನಲ್ಲಿ ಧರ್ಮಸಭೆಯ ಬದುಕಿನಲ್ಲಿ ಕಿವುಡರ ಸ್ಥಾನದ ಬಗ್ಗೆ ಮಹಾಸಮ್ಮೇಳನವೇ ನಡೆಯಿತು. ಅದಕ್ಕೆ ಇಟ್ಟ ಹೆಸರು 'ಎಫ್ಫಥಾ'.

ನಮ್ಮ ಸ್ನಾನದೀಕ್ಷೆಯ ವಿಧಿಯಲ್ಲೂ ಆ ಮಾತಿದೆ. ಗುರುಗಳು ಮಗುವಿನ ಕಿವಿ, ಬಾಯಿಗಳನ್ನು ಮುಟ್ಟಿ ಪ್ರಾರ್ಥಿಸುತ್ತಾರೆ. ಅಂದು ತೆರೆದ ಕಿವಿಗಳು ನಮ್ಮವು. ದೆಕಪೊಲಿಯ ಕಿವುಡನನ್ನು ಸ್ವಾಮಿಯ ಬಳಿಗೆ ಕರೆತಂದವರ ಹೆಸರು ಶುಭಸಂದೇಶದಲ್ಲಿಲ್ಲ. ಅವರ ಸಾಲಿನಲ್ಲಿ ನಮಗೂ ಒಂದು ಜಾಗವಿದೆ. ಈ ಹಬ್ಬದ ದಿನ ಪೂಜೆ ಮುಗಿಸಿ ಮನೆಗೆ ಹೋದ ಮೇಲೆ, ಮೂಲೆಯಲ್ಲಿ ಕುಳಿತವರ ಎದುರಿಗೆ ನಮ್ಮ ಕುರ್ಚಿಯನ್ನು ಎಳೆದುಕೊಳ್ಳೋಣ. ಅವರ ಕೈ ಹಿಡಿದು, ಗುರುಗಳು ಇಂದು ಏನು ಹೇಳಿದರು ಎಂಬುದನ್ನು ನಿಧಾನವಾಗಿ ತಿಳಿಸೋಣ. ಸಂತ ಫ್ರಾನ್ಸಿಸ್ ದೆ ಸೇಲ್ಸ್‌ರವರು ನಮಗಾಗಿ ಪ್ರಾರ್ಥಿಸಲಿ. ಆಮೆನ್.