ಟೇಪ್ ಲೈಬ್ರರಿ

ಕಾಂತೀಯ ಟೇಪಿನ ಕಾರ್ಟ್ರಿಜ್‌ಗಳನ್ನು ಸಾಲು ಗೂಡುಗಳಲ್ಲಿ ಜೋಡಿಸಿಟ್ಟು, ಬೇಕಾದುದನ್ನು ರೋಬಾಟ್ ಕೈಯೊಂದು ಹುಡುಕಿ ತೆಗೆದು, ಓದುವ ಮತ್ತು ಬರೆಯುವ ಯಂತ್ರವಾದ ಡ್ರೈವಿನೊಳಗೆ ಇರಿಸಿ, ಕೆಲಸ ಮುಗಿದ ಮೇಲೆ ಮರಳಿ ಗೂಡಿಗೆ ಸೇರಿಸುವ ವ್ಯವಸ್ಥೆಗೆ ಟೇಪ್ ಲೈಬ್ರರಿ ಎಂದು ಹೆಸರು. ದಿನನಿತ್ಯ ಬೇಕಾಗದಿದ್ದರೂ ಕಳೆದುಕೊಳ್ಳುವಂತಿಲ್ಲದ ದತ್ತಾಂಶವನ್ನು ಹತ್ತಾರು ವರ್ಷ ಕಾಪಿಡುವುದು, ಅಂದರೆ ಆರ್ಕೈವ್ ಮಾಡುವುದು, ಇದರ ಮುಖ್ಯ ಉದ್ದೇಶ. ಗೂಡಿನಲ್ಲಿರುವ ಟೇಪಿಗೆ ವಿದ್ಯುತ್ ಬೇಕಿಲ್ಲವಾದ್ದರಿಂದ, ಸದಾ ತಿರುಗುವ ಡಿಸ್ಕುಗಳಿಗಿಂತ ಇದರ ನಿರ್ವಹಣೆ ಅಗ್ಗ. ಆದರೆ ಬೇಕಾದ ಕಡತ ಕೈಗೆ ಬರಲು ಕೆಲವು ನಿಮಿಷ ಕಾಯಬೇಕಾಗುತ್ತದೆ.

ಟೇಪು ಹುಟ್ಟಿದ್ದು ಲೆಕ್ಕಕ್ಕಾಗಿ ಅಲ್ಲ, ಧ್ವನಿಗಾಗಿ. ಕಾಗದದ ಪಟ್ಟಿಗೆ ಕಬ್ಬಿಣದ ಆಕ್ಸೈಡಿನ ಪುಡಿ ಲೇಪಿಸಿ ಧ್ವನಿಯನ್ನು ಮುದ್ರಿಸುವ ವಿಧಾನಕ್ಕೆ ಜರ್ಮನಿಯ ಫ್ರಿಟ್ಸ್ ಫ್ಲಾಯ್ಮರ್ 1928ರಲ್ಲಿ ಪೇಟೆಂಟ್ ಪಡೆದನು. ಕನ್ನಡ ನಾಡಿನಲ್ಲಿ ಈ ಮಾಧ್ಯಮ ಜನರಿಗೆ ಪರಿಚಿತವಾದದ್ದೂ ಕಂಪ್ಯೂಟರಿನಿಂದಲ್ಲ, ಧಾರವಾಡ ಆಕಾಶವಾಣಿಯಂಥ ಕೇಂದ್ರಗಳು ಹಾಡು, ನಾಟಕ, ಭಾಷಣಗಳನ್ನು ಮುದ್ರಿಸಿಡುತ್ತಿದ್ದ ಸ್ಪೂಲುಗಳಿಂದ. ಕಂಪ್ಯೂಟರ್ ದತ್ತಾಂಶಕ್ಕೆ ಟೇಪನ್ನು ಮಾರುಕಟ್ಟೆಯ ಮಟ್ಟದಲ್ಲಿ ಬಳಸಿದ್ದು 1951ರ ಯುನಿವ್ಯಾಕ್. ಅದರದು ಲೋಹದ ಪಟ್ಟಿ. ಮರುವರ್ಷ ಬಂದ ಐಬಿಎಂ 726 ಪ್ಲಾಸ್ಟಿಕ್ ಪಟ್ಟಿಯನ್ನು ಬಳಸಿತು. ಸ್ಪೂಲು ತಟ್ಟನೆ ತಿರುಗಿ ತಟ್ಟನೆ ನಿಂತಾಗ ಪಟ್ಟಿ ಹರಿಯದಂತೆ, ಅದರ ಒಂದು ಮಡಿಕೆಯನ್ನು ಗಾಳಿ ಹೀರುವ ಕೊಳವೆಯೊಳಗೆ ಸಡಿಲವಾಗಿ ಇಳಿಬಿಡುವ ಉಪಾಯವನ್ನು ಅದರಲ್ಲಿ ಅಳವಡಿಸಲಾಗಿತ್ತು. ಹಳೆಯ ಚಲನಚಿತ್ರಗಳಲ್ಲಿ ಕಂಪ್ಯೂಟರ್ ಎಂದು ತೋರಿಸುವ, ಎರಡು ಚಕ್ರಗಳು ಜರ್ಕು ಜರ್ಕಾಗಿ ತಿರುಗುವ ಬೀರುಗಳು ವಾಸ್ತವದಲ್ಲಿ ಇಂಥ ಟೇಪ್ ಡ್ರೈವ್‌ಗಳು.

1964ರಲ್ಲಿ ಐಬಿಎಂ ಸಿಸ್ಟಂ/360ರೊಂದಿಗೆ ಒಂಬತ್ತು ಪಥಗಳ ಅರ್ಧ ಇಂಚಿನ ಟೇಪು ರೂಢಿಗೆ ಬಂದು, ಮುಂದಿನ ಎರಡು ದಶಕಗಳ ಕಾಲ ಎಲ್ಲ ದೊಡ್ಡ ಗಣಕಕೇಂದ್ರಗಳ ಸಾಮಾನ್ಯ ಮಾಧ್ಯಮವಾಯಿತು. ಇಂಚಿಗೆ 800 ಅಕ್ಷರಗಳಷ್ಟಿದ್ದ ಸಾಂದ್ರತೆ 1600ಕ್ಕೆ, ಆಮೇಲೆ 6250ಕ್ಕೆ ಏರಿತು. ಆ ಕಾಲದಲ್ಲಿ ಲೈಬ್ರರಿ ಎಂದರೆ ಸ್ಪೂಲುಗಳನ್ನು ನೇತುಹಾಕಿದ ಕಪಾಟುಗಳಿರುವ ತಂಪು ಕೋಣೆ ಮಾತ್ರ. ಯಾವ ಸಂಖ್ಯೆಯ ಟೇಪು ಬೇಕೆಂದು ಕನ್ಸೋಲಿನಲ್ಲಿ ಸೂಚನೆ ಬಂದೊಡನೆ ಆಪರೇಟರನು ಅದನ್ನು ತಂದು ಏರಿಸಬೇಕಿತ್ತು, ಮತ್ತು ಸ್ಪೂಲಿನ ಹಿಂಬದಿಯಲ್ಲಿ ಪ್ಲಾಸ್ಟಿಕ್ ಉಂಗುರ ಇದ್ದರೆ ಮಾತ್ರ ಡ್ರೈವು ಅದರ ಮೇಲೆ ಬರೆಯುತ್ತಿತ್ತು. ಉಂಗುರ ತೆಗೆದಿಟ್ಟ ಟೇಪು ಅಳಿಸಿಹೋಗುವ ಭಯವಿಲ್ಲ ಎಂಬ ಈ ಸರಳ ರಕ್ಷಣೆ, ಇಂದಿನ ಕಾರ್ಟ್ರಿಜಿನ ಮೂಲೆಯಲ್ಲಿರುವ ಸರಿಸುವ ಗುಂಡಿಯ ರೂಪದಲ್ಲಿ ಉಳಿದುಕೊಂಡಿದೆ. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮದ ಮೊದಲ ದಿನಗಳಿಗೂ ಈ ಸ್ಪೂಲಿನ ನಂಟಿದೆ: 1980ರ ದಶಕದಲ್ಲಿ ಉಪಗ್ರಹ ಸಂಪರ್ಕ ದೊರೆಯುವವರೆಗೆ, ಇಲ್ಲಿ ಬರೆದ ಪ್ರೋಗ್ರಾಂಗಳು ವಿದೇಶದ ಗಿರಾಕಿಗೆ ಟೇಪಿನ ಮೇಲೆಯೇ ಹೋಗುತ್ತಿದ್ದವು.

ಭಾರತದಲ್ಲಿ ಟೇಪನ್ನು ದೀರ್ಘಕಾಲದ ಭಂಡಾರವಾಗಿ ಬೆಳೆಸಿದ ಕ್ಷೇತ್ರಗಳಲ್ಲಿ ದೂರಸಂವೇದನೆಗೆ, ಅಂದರೆ ಆಕಾಶದಿಂದ ನೆಲವನ್ನು ಚಿತ್ರಿಸಿ ಅಧ್ಯಯನ ಮಾಡುವ ವಿಜ್ಞಾನಕ್ಕೆ, ಮುಖ್ಯ ಸ್ಥಾನವಿದೆ. ಹೈದರಾಬಾದಿನ ಸಮೀಪದ ಶಾದನಗರದ ಭೂಕೇಂದ್ರ 1979ರಿಂದ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಸಂಕೇತಗಳನ್ನು ಸ್ವೀಕರಿಸತೊಡಗಿತು. ಬೆಂಗಳೂರಿನಲ್ಲಿ ನಿರ್ಮಾಣಗೊಂಡ ಐಆರ್‌ಎಸ್-1ಎ ಉಪಗ್ರಹ 1988ರ ಮಾರ್ಚ್ 17ರಂದು ಕಕ್ಷೆ ಸೇರಿ, 22 ದಿನಗಳಿಗೊಮ್ಮೆ ಅದೇ ನೆಲದ ಮೇಲೆ ಹಾದು ಚಿತ್ರ ಕಳಿಸಿತು. ಬಂದ ಸಂಕೇತ ಮೊದಲು ಅಧಿಕ ಸಾಂದ್ರತೆಯ ಟೇಪಿನಲ್ಲಿ ದಾಖಲಾಗುತ್ತಿತ್ತು. ಬಳಕೆದಾರರಿಗೆ ಬೇಕಾದ ಭಾಗವನ್ನು ಸಂಸ್ಕರಿಸಿ ಒಂಬತ್ತು ಪಥದ ಟೇಪಿಗೆ ಇಳಿಸಿ ಕೊಡಲಾಗುತ್ತಿತ್ತು. ಉತ್ತರ ಕರ್ನಾಟಕದ ಲಕ್ಕಲಕಟ್ಟಿ, ಗಜೇಂದ್ರಗಡ, ರೋಣ, ನರಗುಂದದ ಸುತ್ತಲಿನ ಎರೆ ಮತ್ತು ಮಸಾರಿ ಹೊಲಗಳು 72.5 ಮೀಟರ್ ಮತ್ತು 36.25 ಮೀಟರ್ ಚೌಕಗಳಾಗಿ ದೇಶದ ದತ್ತಾಂಶ ಭಂಡಾರ ಸೇರಿದ್ದು ಹೀಗೆ. ಮಲಪ್ರಭಾ ಕಾಲುವೆಯ ನೀರು ಹರಿದ ನೆಲವೂ ಮಳೆಯನ್ನೇ ನಂಬಿದ ಹಿಂಗಾರು ಜೋಳದ ನೆಲವೂ ಮೂವತ್ತು ವರ್ಷಗಳಲ್ಲಿ ಹೇಗೆ ಬದಲಾದವು ಎಂದು ತಿಳಿಯಲು ಹಳೆಯ ಚಿತ್ರವೇ ಬೇಕು. 1988ರ ಹೊಲವನ್ನು ಇಂದು ಮತ್ತೊಮ್ಮೆ ಚಿತ್ರಿಸಲು ಯಾವ ಉಪಗ್ರಹಕ್ಕೂ ಸಾಧ್ಯವಿಲ್ಲವಾದ್ದರಿಂದ, ಇಂಥ ದತ್ತಾಂಶದ ಬೆಲೆ ವಯಸ್ಸಿನೊಂದಿಗೆ ಏರುತ್ತದೆ.

ಮನುಷ್ಯನ ಕೈಯನ್ನು ಟೇಪಿನಿಂದ ದೂರ ಮಾಡುವ ಮೊದಲ ದೊಡ್ಡ ಪ್ರಯತ್ನ ಐಬಿಎಂ 1974ರಲ್ಲಿ ಪ್ರಕಟಿಸಿದ 3850 ವ್ಯವಸ್ಥೆ. ಜೇನುಹುಟ್ಟಿನ ಕಣಗಳ ಆಕಾರದ ಗೂಡುಗಳಲ್ಲಿ 50 ಮೆಗಾಬೈಟ್ ಹಿಡಿಸುವ ಗಿಡ್ಡ ಕಾರ್ಟ್ರಿಜ್‌ಗಳನ್ನಿಟ್ಟು, ಯಂತ್ರವೇ ಅವನ್ನು ತೆಗೆದು, ಅವುಗಳ ವಿಷಯವನ್ನು ಡಿಸ್ಕಿಗೆ ನಕಲಿಸಿ ಕೊಡುತ್ತಿತ್ತು. ಆದರೆ ಅದರ ಕಾರ್ಟ್ರಿಜ್ ಬೇರೆ ಯಾವ ಯಂತ್ರಕ್ಕೂ ಹೊಂದುತ್ತಿರಲಿಲ್ಲ. 1984ರಲ್ಲಿ ಅಂಗೈಯಗಲದ ಚೌಕ ಪೆಟ್ಟಿಗೆಯಲ್ಲಿ 200 ಮೆಗಾಬೈಟ್ ಹಿಡಿಸುವ ಐಬಿಎಂ 3480 ಬಂದಾಗ ಚಿತ್ರ ಬದಲಾಯಿತು, ಏಕೆಂದರೆ ಒಂದೇ ಅಳತೆಯ ಗಟ್ಟಿ ಪೆಟ್ಟಿಗೆಯನ್ನು ಯಂತ್ರದ ಕೈ ಸುಲಭವಾಗಿ ಹಿಡಿಯಬಲ್ಲದು. ಸ್ಟೋರೇಜ್‌ಟೆಕ್ ಕಂಪನಿ 1987ರಲ್ಲಿ ಹೊರತಂದ 4400 ಲೈಬ್ರರಿ ಈ ಅನುಕೂಲವನ್ನು ಪೂರ್ಣವಾಗಿ ಬಳಸಿಕೊಂಡಿತು: ಕಣಜದಂತೆ ದುಂಡಗಿದ್ದ ಅದರ ಕೋಣೆಯ ಗೋಡೆಗಳಲ್ಲಿ ಸುಮಾರು 6,000 ಕಾರ್ಟ್ರಿಜ್‌ಗಳಿದ್ದು, ನಡುವೆ ತಿರುಗುವ ತೋಳು ಪ್ರತಿಯೊಂದರ ಬೆನ್ನಿನ ಚೀಟಿಯನ್ನು ಕ್ಯಾಮೆರಾದಿಂದ ಓದಿ ಬೇಕಾದುದನ್ನು ಎತ್ತುತ್ತಿತ್ತು. ಇಂದಿನ ಲೈಬ್ರರಿಗಳು ಈ ವಿನ್ಯಾಸದ ಮುಂದುವರಿಕೆ ಎನ್ನಬಹುದು.

ಐಬಿಎಂ, ಹ್ಯೂಲೆಟ್-ಪ್ಯಾಕರ್ಡ್ ಮತ್ತು ಸೀಗೇಟ್ ಕೂಡಿ ರೂಪಿಸಿದ ಎಲ್‌ಟಿಒ ಎಂಬ ಮುಕ್ತ ಮಾದರಿ 2000ರಲ್ಲಿ ಬಂದ ಮೇಲೆ, ಪ್ರತಿ ಕಂಪನಿಯದೂ ಒಂದೊಂದು ಬಗೆಯ ಟೇಪು ಎಂಬ ಗೊಂದಲ ಬಹುಮಟ್ಟಿಗೆ ತಗ್ಗಿತು. ಮೊದಲ ತಲೆಮಾರಿನ ಕಾರ್ಟ್ರಿಜ್ 100 ಗಿಗಾಬೈಟ್ ಹಿಡಿಸಿದರೆ, 2021ರ ಒಂಬತ್ತನೆಯದು 18 ಟೆರಾಬೈಟ್ ಹಿಡಿಸುತ್ತದೆ. ಟೇಪಿನ ಅಗಲ ಅರ್ಧ ಇಂಚೇ ಉಳಿದಿದೆ. ಉದ್ದ ಒಂದು ಕಿಲೋಮೀಟರನ್ನು ತುಸು ಮೀರಿದೆ. ಡ್ರೈವಿನ ತಲೆ ಈ ಪಟ್ಟಿಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಬರೆಯುತ್ತ ಹೋಗಿ, ಅಲ್ಲಿ ಒಂದಿಷ್ಟು ಪಕ್ಕಕ್ಕೆ ಸರಿದು, ಅದೇ ಪಟ್ಟಿಯ ಮೇಲೆ ಹಿಂದಕ್ಕೆ ಬರೆಯುತ್ತ ಬರುತ್ತದೆ. ಸೆಕೆಂಡಿಗೆ 400 ಮೆಗಾಬೈಟ್ ವೇಗದಲ್ಲಿ ಒಂಬತ್ತನೆಯ ತಲೆಮಾರಿನ ಒಂದು ಕಾರ್ಟ್ರಿಜ್ ತುಂಬಲು ಹನ್ನೆರಡೂವರೆ ಗಂಟೆ ಬೇಕು.

ಇಂಥ ಯಂತ್ರವನ್ನು ನಡೆಸುವವರ ಕೆಲಸ ರೋಬಾಟಿನಿಂದ ಮುಗಿದುಹೋಗಲಿಲ್ಲ, ಬೇರೆ ಬಗೆಯದಾಯಿತು. ಪ್ರತಿ ಕಾರ್ಟ್ರಿಜಿಗೆ ಆರು ಅಕ್ಷರಗಳ ಗುರುತೂ ತಲೆಮಾರಿನ ಸೂಚಕವೂ ಇರುವ ಬಾರ್‌ಕೋಡ್ ಚೀಟಿ ಅಂಟಿಸಬೇಕು. ಚೀಟಿ ವಕ್ರವಾಗಿದ್ದರೆ ರೋಬಾಟಿಗೆ ಆ ಗೂಡು ಗುರುತಿಲ್ಲದ್ದಾಗುತ್ತದೆ. ಡ್ರೈವು ಕೇಳಿದಾಗ ಶುಚಿಗೊಳಿಸುವ ಕಾರ್ಟ್ರಿಜನ್ನು ಓಡಿಸಬೇಕು, ಆದರೆ ಅದನ್ನು ಅತಿಯಾಗಿ ಬಳಸಿದರೆ ತಲೆಯೇ ಸವೆಯುತ್ತದೆ. ಒಂಬತ್ತನೆಯ ತಲೆಮಾರಿನ ಹೊಸ ಟೇಪು ಮೊದಲ ಸಲ ಡ್ರೈವಿಗೆ ಹೋದಾಗ ತನ್ನನ್ನು ಹೊಂದಿಸಿಕೊಳ್ಳಲು ಎರಡು ಗಂಟೆಯವರೆಗೂ ತೆಗೆದುಕೊಳ್ಳಬಹುದಾದ್ದರಿಂದ, ಅದನ್ನು ಕೆಟ್ಟುಹೋಯಿತೆಂದು ಹೊರಗೆಳೆಯುವುದು ತಪ್ಪು. ಸರ್ವರಿನಿಂದ ದತ್ತಾಂಶ ನಿಧಾನವಾಗಿ ಬಂದರೆ ಟೇಪು ನಿಂತು, ಹಿಂದೆ ಸರಿದು, ಮತ್ತೆ ಓಡುವ ಎಳೆದಾಟ ಶುರುವಾಗಿ ಪಟ್ಟಿಯೂ ತಲೆಯೂ ಸವೆಯುತ್ತವೆ. ಅದಕ್ಕಾಗಿ ಮೊದಲು ಡಿಸ್ಕಿನಲ್ಲಿ ಕೂಡಿಸಿ, ಆಮೇಲೆ ಒಂದೇ ಓಟದಲ್ಲಿ ಟೇಪಿಗೆ ಇಳಿಸುವುದು ಒಳ್ಳೆಯ ಪದ್ಧತಿ. ಬಯಲುಸೀಮೆಯ ಧೂಳು ಈ ಯಂತ್ರಗಳಿಗೆ ದೊಡ್ಡ ಶತ್ರು. ಎಲ್ಲಕ್ಕಿಂತ ಹೆಚ್ಚಾಗಿ, ಯಾವ ಕಡತ ಯಾವ ಟೇಪಿನಲ್ಲಿದೆ ಎಂಬ ಸೂಚಿಯನ್ನು ಟೇಪಿನಷ್ಟೇ ಜೋಪಾನವಾಗಿ ಬೇರೆಡೆ ನಕಲಿಸಿಡಬೇಕು. ಸೂಚಿ ಹೋದರೆ ಸಾವಿರಾರು ಕಾರ್ಟ್ರಿಜ್‌ಗಳನ್ನು ಒಂದೊಂದಾಗಿ ಓದಿ ನೋಡುವುದಲ್ಲದೆ ಬೇರೆ ದಾರಿ ಇರುವುದಿಲ್ಲ.

ಲೈಬ್ರರಿಯಿಂದ ಹೊರತೆಗೆದ ಟೇಪು ಯಾವ ಜಾಲಕ್ಕೂ ಸಿಗದಿರುವುದರಿಂದ ದೂರದಿಂದ ಅದನ್ನು ಅಳಿಸಲಾಗದು. 2011ರ ಫೆಬ್ರವರಿಯಲ್ಲಿ ಸಾಫ್ಟ್‌ವೇರ್ ದೋಷದಿಂದ ಅಳಿದುಹೋದ ಕೆಲವು ಬಳಕೆದಾರರ ಜಿಮೇಲ್ ಅಂಚೆಯನ್ನು ಗೂಗಲ್ ಟೇಪಿನಿಂದ ಮರಳಿ ತಂದಿತು. ಯುರೋಪಿನ ಸರ್ನ್ ಪ್ರಯೋಗಾಲಯದ ಟೇಪುಗಳಲ್ಲಿದ್ದ ದತ್ತಾಂಶ 2017ರಲ್ಲಿ 200 ಪೆಟಾಬೈಟ್ ಮೀರಿತು. ಶಾದನಗರದಲ್ಲಿಯೂ ವೇಗದ ಡಿಸ್ಕು, ನಿಧಾನದ ಡಿಸ್ಕು, ಕೊನೆಗೆ ಟೇಪು ಎಂಬ ಮೂರು ಹಂತಗಳ ಒಗ್ಗೂಡಿದ ಸಂಗ್ರಹ ಬಳಕೆಗೆ ಬಂದಿದೆ.

ಸೂಕ್ತ ತಾಪಮಾನದಲ್ಲಿಟ್ಟ ಟೇಪಿಗೆ ತಯಾರಕರು ಮೂವತ್ತು ವರ್ಷ ಆಯುಷ್ಯ ಹೇಳುತ್ತಾರೆ. ಅದನ್ನು ಓದುವ ಡ್ರೈವಿಗೆ ಅಷ್ಟು ಆಯುಷ್ಯವಿಲ್ಲ. ಏಳನೆಯ ತಲೆಮಾರಿನವರೆಗೆ ಎಲ್‌ಟಿಒ ಡ್ರೈವು ತನಗಿಂತ ಹಿಂದಿನ ಎರಡು ತಲೆಮಾರುಗಳ ಟೇಪನ್ನು ಓದುತ್ತಿತ್ತು, ಎಂಟು ಮತ್ತು ಒಂಬತ್ತನೆಯವು ಹಿಂದಿನ ಒಂದನ್ನು ಮಾತ್ರ ಓದಬಲ್ಲವು. ಆದ್ದರಿಂದ ಆರ್ಕೈವ್ ಉಳಿಯುವುದು ಟೇಪಿನ ಗಟ್ಟಿತನದಿಂದಲ್ಲ, ಪ್ರತಿ ಹತ್ತು ವರ್ಷದೊಳಗೆ ಹಳೆಯದನ್ನು ಓದಿ ಹೊಸದಕ್ಕೆ ಇಳಿಸುವ ಸಂಸ್ಥೆಯ ಶಿಸ್ತಿನಿಂದ. ಇದಕ್ಕೆ ಪ್ರತ್ಯೇಕ ಹಣ ತೆಗೆದಿಡದ ಕಚೇರಿ ಲೈಬ್ರರಿ ಕೊಳ್ಳದಿರುವುದೇ ಲೇಸು. 2025ರಲ್ಲಿ 30 ಟೆರಾಬೈಟ್ ಹಿಡಿಸುವ ಕಾರ್ಟ್ರಿಜಿನೊಂದಿಗೆ ಬಂದ ಹತ್ತನೆಯ ತಲೆಮಾರಿನ ಡ್ರೈವು ಹಿಂದಿನ ಯಾವ ತಲೆಮಾರಿನ ಟೇಪನ್ನೂ ಓದುವುದಿಲ್ಲವಾದ್ದರಿಂದ, ಅದನ್ನು ಕೊಂಡವರು ವರ್ಗಾವಣೆ ಮುಗಿಯುವ ತನಕ ತಮ್ಮ ಹಳೆಯ ಡ್ರೈವುಗಳನ್ನೂ ಸುಸ್ಥಿತಿಯಲ್ಲಿ ಇಟ್ಟುಕೊಳ್ಳಬೇಕಾಗಿದೆ.