ಪುರುಷರ ಫಿಗರ್ ಸ್ಕೇಟಿಂಗ್: ತೀರ್ಪುಗಾರರ ಅಂಕ, ಅಭಿಮಾನಿಗಳ ಲೆಕ್ಕ

ಗಡಿಯಾರವಾಗಲಿ ಅಳತೆಪಟ್ಟಿಯಾಗಲಿ ಸೋಲು ಗೆಲುವನ್ನು ಹೇಳಲಾಗದ ಆಟಗಳಲ್ಲಿ ಫಿಗರ್ ಸ್ಕೇಟಿಂಗ್ ಒಂದು. ಪುರುಷರ ಸಿಂಗಲ್ಸ್‌ನಲ್ಲಿ ಸ್ಪರ್ಧಿ ಎರಡು ಸಲ ಐಸ್ ಮೇಲೆ ಇಳಿಯುತ್ತಾನೆ: ಮೊದಲು ಸುಮಾರು 2 ನಿಮಿಷ 40 ಸೆಕೆಂಡುಗಳ ಶಾರ್ಟ್ ಪ್ರೋಗ್ರಾಂ, ಆಮೇಲೆ 4 ನಿಮಿಷಗಳ ಫ್ರೀ ಸ್ಕೇಟ್. ಜಿಗಿತ, ಗಿರಕಿ, ಹೆಜ್ಜೆಗಾರಿಕೆ ಎಲ್ಲವನ್ನೂ ಸಂಗೀತಕ್ಕೆ ಹೊಂದಿಸಬೇಕು. ಅದನ್ನು ಒಂಬತ್ತು ತೀರ್ಪುಗಾರರು ನೋಡಿ ಅಂಕ ಹಾಕುತ್ತಾರೆ. ಬೆಂಗಳೂರಿನ ಸಂಜಯನಗರ, ಆರ್.ಟಿ. ನಗರದ ಮಕ್ಕಳಿಗೆ ಸ್ಕೇಟಿಂಗ್ ಎಂದರೆ ಚಕ್ರದ ಬೂಟು ಕಟ್ಟಿ ಓಡುವ ಪಂದ್ಯ. ಅಲ್ಲಿ ಗೆರೆ ಮೊದಲು ದಾಟಿದವನೇ ಗೆದ್ದವನು, ವಾದಕ್ಕೆ ಹೆಚ್ಚು ಎಡೆಯಿಲ್ಲ. ಐಸ್ ಮೇಲಿನ ಈ ಆಟದಲ್ಲಿ ವಾದವೇ ಆಟದ ಅರ್ಧ ಭಾಗ. ಅಂಕದ ನಿಯಮಗಳು ಅರ್ಧ ಶತಮಾನದಲ್ಲಿ ಬದಲಾದ ಬಗೆಯನ್ನು ಗಮನಿಸಿದರೆ, ಬದಲಾವಣೆಗಳ ಹಿಂದೆ ಮತ್ತೆ ಮತ್ತೆ ಪ್ರೇಕ್ಷಕರ ಅಸಮಾಧಾನ ಕಾಣಿಸುತ್ತದೆ.

ಈ ಅಸಮಾಧಾನದ ಮೊದಲ ದೊಡ್ಡ ಕಾರಣ ಪ್ರೇಕ್ಷಕರು ನೋಡದೇ ಇದ್ದ ಭಾಗ. ಬ್ಲೇಡಿನ ಅಂಚಿನಿಂದ ಐಸ್ ಮೇಲೆ ನಿಗದಿತ ವೃತ್ತಗಳನ್ನು ಕೊರೆಯುವ ‘ಕಡ್ಡಾಯ ಫಿಗರ್’ಗಳಿಗೆ ಒಂದು ಕಾಲಕ್ಕೆ ಒಟ್ಟು ಅಂಕದ ಶೇ 60ರಷ್ಟು ಪಾಲಿತ್ತು. ತೀರ್ಪುಗಾರರು ಬಗ್ಗಿ ಗೆರೆಗಳನ್ನು ಪರೀಕ್ಷಿಸುತ್ತಿದ್ದರು. ಪ್ರೇಕ್ಷಕರು ಬರುತ್ತಿದ್ದುದು ಫ್ರೀ ಸ್ಕೇಟ್ ನೋಡಲು. ಟಿ.ವಿ. ಬಂದ ಮೇಲೆ ಈ ಅಂತರ ಎಲ್ಲರ ಕಣ್ಣಿಗೆ ಬಿತ್ತು. ಕೆನಡಾದ ಟೋಲರ್ ಕ್ರಾನ್‌ಸ್ಟನ್ 1970ರ ದಶಕದಲ್ಲಿ ಜನರನ್ನು ಮರುಳು ಮಾಡಿದವರು. ಆದರೆ ಫಿಗರ್‌ಗಳಲ್ಲಿ ಹಿಂದೆ ಬೀಳುತ್ತಿದ್ದುದರಿಂದ ವಿಶ್ವ ಪ್ರಶಸ್ತಿ ಅವರಿಗೆ ದಕ್ಕಲೇ ಇಲ್ಲ, 1976ರ ಒಲಿಂಪಿಕ್ಸ್‌ನಲ್ಲಿ ಕಂಚಿಗೇ ತೃಪ್ತಿಪಡಬೇಕಾಯಿತು. ಫಿಗರ್‌ಗಳ ಪಾಲು ಹಂತ ಹಂತವಾಗಿ ಇಳಿದು, 1990ರ ವಿಶ್ವ ಚಾಂಪಿಯನ್‌ಷಿಪ್‌ನ ನಂತರ ಅವು ಪೂರ್ತಿ ಮರೆಯಾದವು.

ಉಳಿದದ್ದು 6.0 ಪದ್ಧತಿ. ಪ್ರತಿ ತೀರ್ಪುಗಾರ ತಾಂತ್ರಿಕತೆಗೆ ಒಂದು, ಪ್ರಸ್ತುತಿಗೆ ಒಂದು ಅಂಕ ಕೊಡುತ್ತಿದ್ದ, ಪೂರ್ಣಾಂಕ 6. ಅಂಕಕ್ಕೆ ತನ್ನದೇ ಬೆಲೆಯಿರಲಿಲ್ಲ. ಆ ತೀರ್ಪುಗಾರನ ಪಟ್ಟಿಯಲ್ಲಿ ಯಾರು ಮೊದಲು, ಯಾರು ಎರಡನೆಯವರು ಎಂಬ ಕ್ರಮವೇ ಲೆಕ್ಕಕ್ಕೆ ಬರುತ್ತಿತ್ತು. ಇದರ ವಿಚಿತ್ರ ಪರಿಣಾಮ 1997ರ ಪ್ಯಾರಿಸ್ ಯುರೋಪಿಯನ್ ಚಾಂಪಿಯನ್‌ಷಿಪ್‌ನ ಪುರುಷರ ಸ್ಪರ್ಧೆಯಲ್ಲಿ ಬಯಲಾಯಿತು. ಕೊನೆಗೆ ಇಳಿದ ಸ್ಪರ್ಧಿಗೆ ಬಂದ ಅಂಕದಿಂದಾಗಿ, ಅದಾಗಲೇ ಆಡಿ ಮುಗಿಸಿ ಕುಳಿತಿದ್ದವರ ಸ್ಥಾನಗಳು ತಮ್ಮತಮ್ಮೊಳಗೆ ಅದಲುಬದಲಾದವು. ಮರುವರ್ಷವೇ ಲೆಕ್ಕದ ವಿಧಾನ ಬದಲಾಯಿತು. ಆದರೂ ಅಂಕ ಏಕೆ ಬಂತು ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ. 5.7 ಬಂದವನಿಗೆ ಜಿಗಿತದಲ್ಲಿ ಕಡಿತವಾಯಿತೋ ಗಿರಕಿಯಲ್ಲೋ ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಈ ಪದ್ಧತಿಯನ್ನು ಮುಳುಗಿಸಿದ್ದು 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್. ಹಗರಣ ನಡೆದದ್ದು ಪುರುಷರ ವಿಭಾಗದಲ್ಲಲ್ಲ, ಜೋಡಿಗಳ ವಿಭಾಗದಲ್ಲಿ: 5–4ರ ಅಂತರದಲ್ಲಿ ರಷ್ಯಾದ ಜೋಡಿಗೆ ಚಿನ್ನ ಬಂತು, ಫ್ರಾನ್ಸ್‌ನ ತೀರ್ಪುಗಾರ್ತಿಯ ಮೇಲೆ ಒತ್ತಡವಿತ್ತೆಂಬ ಮಾತು ಹೊರಬಿತ್ತು, ಕೆನಡಾದ ಜೋಡಿಗೂ ಎರಡನೇ ಚಿನ್ನ ಕೊಡಲಾಯಿತು. ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ 2004ರಲ್ಲಿ ಹೊಸ ಪದ್ಧತಿಯನ್ನು ಅಂಗೀಕರಿಸಿತು. ಇದರಲ್ಲಿ ಪ್ರತಿ ಜಿಗಿತಕ್ಕೂ ಗಿರಕಿಗೂ ಮುಂಚೆಯೇ ನಿಗದಿಯಾದ ಮೂಲಾಂಕವಿದೆ. ಸ್ಪರ್ಧಿ ಮಾಡಿದ್ದು ಯಾವ ಜಿಗಿತ, ಸುತ್ತು ಪೂರ್ತಿಯಾಯಿತೇ ಎಂಬುದನ್ನು ಪ್ರತ್ಯೇಕವಾದ ತಾಂತ್ರಿಕ ತಂಡ ರೀಪ್ಲೇ ನೋಡಿ ಹೇಳುತ್ತದೆ. ಅದರ ಗುಣಮಟ್ಟಕ್ಕೆ ತೀರ್ಪುಗಾರರು ಅಂಕ ಕೂಡಿಸುತ್ತಾರೆ ಅಥವಾ ಕಳೆಯುತ್ತಾರೆ. ಒಟ್ಟಾರೆ ಪ್ರದರ್ಶನಕ್ಕೆ ಬೇರೆ ಅಂಕಗಳಿವೆ. ಮೊದಲು ಐದು ಶೀರ್ಷಿಕೆಗಳಲ್ಲಿದ್ದ ಅವು 2022ರಿಂದ ಸಂಯೋಜನೆ, ಪ್ರಸ್ತುತಿ, ಸ್ಕೇಟಿಂಗ್ ಕೌಶಲ ಎಂಬ ಮೂರಕ್ಕೆ ಇಳಿದಿವೆ. ಒಂಬತ್ತು ಮಂದಿಯ ಅಂಕಗಳಲ್ಲಿ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಸರಾಸರಿ ತೆಗೆಯಲಾಗುತ್ತದೆ. ಸ್ಪರ್ಧೆ ಮುಗಿದ ಮೇಲೆ ಪ್ರತಿ ಸ್ಪರ್ಧಿಯ ವಿವರವಾದ ಅಂಕಪಟ್ಟಿ ಪ್ರಕಟವಾಗುತ್ತದೆ.

ಹೊಸ ಲೆಕ್ಕದ ಮೊದಲ ದೊಡ್ಡ ಪರೀಕ್ಷೆ 2010ರ ವ್ಯಾಂಕೂವರ್ ಒಲಿಂಪಿಕ್ಸ್. ರಷ್ಯಾದ ಎವ್ಗೆನಿ ಪ್ಲುಶೆಂಕೊ ನಾಲ್ಕು ಸುತ್ತಿನ ಜಿಗಿತ, ಅಂದರೆ ಕ್ವಾಡ್ ಮಾಡಿದರು. ಅಮೆರಿಕದ ಇವಾನ್ ಲೈಸಾಚೆಕ್ ಒಂದೂ ಕ್ವಾಡ್ ಮಾಡಲಿಲ್ಲ. ಗೆದ್ದವರು ಲೈಸಾಚೆಕ್: 257.67 ಮತ್ತು 256.36, ಅಂತರ 1.31. ‘ಕ್ವಾಡ್ ಇಲ್ಲದವನು ಒಲಿಂಪಿಕ್ ಚಾಂಪಿಯನ್ ಹೇಗಾದಾನು’ ಎಂಬ ಪ್ರಶ್ನೆಯನ್ನು ಪ್ಲುಶೆಂಕೊ ತಾವೇ ಎತ್ತಿದರು. ರಷ್ಯಾದಲ್ಲಿ ಅದು ರಾಜಕಾರಣಿಗಳ ಬಾಯಿಗೂ ಬಂತು. ಅಂಕಪಟ್ಟಿಯನ್ನು ಬಿಡಿಸಿ ನೋಡಿದರೆ ಚಿತ್ರ ಬೇರೆ. ಫ್ರೀ ಸ್ಕೇಟ್‌ನಲ್ಲಿ ಇಬ್ಬರ ಪ್ರದರ್ಶನಾಂಕ ಒಂದೇ, 82.80. ವ್ಯತ್ಯಾಸ ಬಂದದ್ದು ತಾಂತ್ರಿಕ ಅಂಕದಲ್ಲಿ: 84.57 ಎದುರು 82.71. ಕಲೆಗಾರನಿಗೆ ಮಣೆ ಹಾಕಿ ಕ್ವಾಡ್ ವೀರನನ್ನು ಸೋಲಿಸಿದರು ಎಂಬ ಜನಪ್ರಿಯ ವಿವರಣೆ ಇಲ್ಲಿ ನಿಲ್ಲುವುದಿಲ್ಲ. ಲೈಸಾಚೆಕ್ ಹೆಚ್ಚು ಜಿಗಿತಗಳನ್ನು ದ್ವಿತೀಯಾರ್ಧಕ್ಕೆ ಇಟ್ಟುಕೊಂಡು, ದಣಿದ ಕಾಲಿನ ಜಿಗಿತಕ್ಕೆ ಸಿಗುವ ಶೇ 10ರ ಹೆಚ್ಚುವರಿ ಅಂಕವನ್ನು ಬಾಚಿಕೊಂಡಿದ್ದರು. ಪ್ಲುಶೆಂಕೊ ಸೋತದ್ದು ನಿಯಮಪುಸ್ತಕವನ್ನು ಎದುರಾಳಿಯಷ್ಟು ಜಾಣತನದಿಂದ ಓದದೆ. ಆದರೂ ಜನರ ಗದ್ದಲಕ್ಕೆ ಫಲ ಸಿಕ್ಕಿತು: ಮುಂದಿನ ಋತುವಿಗೇ ನಾಲ್ಕು ಸುತ್ತಿನ ಟೋ ಲೂಪ್‌ನ ಮೂಲಾಂಕ 9.8ರಿಂದ 10.3ಕ್ಕೆ ಏರಿತು.

ಅಲ್ಲಿಂದ ವಾದ ಇನ್ನೊಂದು ಮಗ್ಗುಲಿಗೆ ಹೊರಳಿತು. 2013ರ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಕೆನಡಾದ ಒಂಟಾರಿಯೊದ ಲಂಡನ್ ನಗರದಲ್ಲಿ. ಆತಿಥೇಯ ದೇಶದ ಪ್ಯಾಟ್ರಿಕ್ ಚಾನ್ ಫ್ರೀ ಸ್ಕೇಟ್‌ನಲ್ಲಿ ಎರಡು ಸಲ ಬಿದ್ದೂ 267.78 ಅಂಕದೊಂದಿಗೆ ಗೆದ್ದರು. ಫ್ರೀ ಸ್ಕೇಟ್ ಗೆದ್ದ ಕಜಕಸ್ತಾನದ ಡೆನಿಸ್ ಟೆನ್ ಒಟ್ಟು 266.48ರೊಂದಿಗೆ ಬೆಳ್ಳಿ ಪಡೆದರು. ಚಾನ್ ಅವರ ಹೆಸರಿಗೆ ‘ಹಣದುಬ್ಬರ’ವನ್ನು ಜೋಡಿಸಿ ಅಭಿಮಾನಿಗಳು ಆಗ ಒಂದು ಅಣಕದ ಪದವನ್ನೇ ಕಟ್ಟಿದ್ದರು. ಮರುವರ್ಷ ಸೋಚಿ ಒಲಿಂಪಿಕ್ಸ್‌ನಲ್ಲಿ ಜಪಾನಿನ ಯುಜುರು ಹನ್ಯು ಕೂಡ ಎರಡು ಸಲ ಬಿದ್ದು ಚಿನ್ನ ಗೆದ್ದರು, ಆಗ ಚಾನ್ ಬೆಳ್ಳಿಗೆ ಇಳಿದರು. ಬಿದ್ದವನು ಗೆಲ್ಲುವುದು ನೋಡುವವನ ನ್ಯಾಯಬುದ್ಧಿಗೆ ಒಪ್ಪುವುದಿಲ್ಲ.

ಲೆಕ್ಕ ಹೀಗಿತ್ತು. 2018ಕ್ಕೆ ಮುಂಚೆ ನಾಲ್ಕು ಸುತ್ತಿನ ಲುಟ್ಜ್ ಜಿಗಿತಕ್ಕೆ ಮೂಲಾಂಕ 13.6. ಸುತ್ತು ಪೂರ್ತಿಯಾಗಿ, ಆಮೇಲೆ ಬಿದ್ದರೆ ಗುಣಮಟ್ಟದಲ್ಲಿ 4 ಅಂಕ, ಬಿದ್ದುದಕ್ಕೆ 1 ಅಂಕ ಕಡಿತ, ಉಳಿಯುವುದು 8.6. ಮೂರು ಸುತ್ತಿನ ಲುಟ್ಜ್‌ನ ಮೂಲಾಂಕ ಬರೀ 6. ನಿಂತು ಮಾಡಿದ ಮೂರಕ್ಕಿಂತ ಬಿದ್ದು ಮಾಡಿದ ನಾಲ್ಕೇ ಲಾಭ. 2018ರಲ್ಲಿ ನಾಲ್ಕು ಸುತ್ತಿನದರ ಮೂಲಾಂಕವನ್ನು 11.5ಕ್ಕೆ ಇಳಿಸಿ, ಗುಣಮಟ್ಟದ ಅಳತೆಯನ್ನು ಮೂರು ಮೆಟ್ಟಿಲಿನಿಂದ ಐದಕ್ಕೆ ಹಿಗ್ಗಿಸಿ, ಪ್ರತಿ ಮೆಟ್ಟಿಲಿಗೆ ಮೂಲಾಂಕದ ಶೇ 10 ಎಂದು ಗೊತ್ತುಪಡಿಸಲಾಯಿತು. ಈಗ ಅದೇ ಜಿಗಿತದಲ್ಲಿ ಬಿದ್ದವನಿಗೆ 5.75 ಮತ್ತು 1 ಕಳೆದು ಸಿಗುವುದು 4.75, ಮೂರು ಸುತ್ತಿನ ಲುಟ್ಜ್‌ನ ಮೂಲಾಂಕ 5.9. ಪ್ರೇಕ್ಷಕರ ತಕರಾರಿಗೆ ನಿಯಮಪುಸ್ತಕ ಇಷ್ಟು ನೇರವಾಗಿ ಉತ್ತರ ಕೊಟ್ಟ ಉದಾಹರಣೆ ಅಪರೂಪ.

ಜಿಗಿತದ ಲೆಕ್ಕವನ್ನು ಹೀಗೆ ತಿದ್ದಬಹುದು. ಪ್ರದರ್ಶನಾಂಕದ ಕಥೆ ಬೇರೆ. ನಿಜವಾದ ಜಗಳ ಇರುವುದು ಅಲ್ಲೇ. ಹೆಸರಾದ ಸ್ಕೇಟರ್‌ಗೆ, ಅವನು ಹೆಸರಾಂತನೆಂದು ಬಲ್ಲ ತೀರ್ಪುಗಾರರು ಹೆಚ್ಚು ಅಂಕ ಕೊಡುತ್ತಾರೆಂದು ಸಂಶೋಧಕರಾದ ಫಿಂಡ್ಲೆ ಮತ್ತು ಸೇಂಟ್-ಮರಿ 2004ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿತು. ತಡವಾಗಿ ಇಳಿದವರಿಗೆ ಅಂಕ ಏರುವ ಪ್ರವೃತ್ತಿಯನ್ನು ಸಂಶೋಧಕಿ ಬ್ರೂಯಿನ್ ಡಿ ಬ್ರೂಯಿನ್ ಗುರುತಿಸಿದ್ದಾರೆ. ಅರ್ಥಶಾಸ್ತ್ರಜ್ಞ ಎರಿಕ್ ಜಿಟ್ಜೆವಿಟ್ಜ್ ಅವರ ಅಧ್ಯಯನಗಳು ಸ್ವದೇಶದ ಸ್ಪರ್ಧಿಯತ್ತ ತೀರ್ಪುಗಾರರು ವಾಲುವುದನ್ನು ಅಂಕಿಅಂಶಗಳಿಂದ ಹಿಡಿದಿಟ್ಟಿವೆ. 2002ರ ಹಗರಣದ ನಂತರ, ಒತ್ತಡದಿಂದ ರಕ್ಷಿಸಲೆಂದು ಯಾರು ಯಾವ ಅಂಕ ಕೊಟ್ಟರೆಂಬುದನ್ನೇ ಗುಟ್ಟಾಗಿಡಲಾಗಿತ್ತು. ಅದರಿಂದ ಪಕ್ಷಪಾತ ತಗ್ಗಲಿಲ್ಲ, ತುಸು ಹೆಚ್ಚಿತು ಎಂಬುದು ಅವರ 2014ರ ಲೇಖನದ ಫಲಿತಾಂಶ. 2016ರಲ್ಲಿ ಒಕ್ಕೂಟ ಈ ಮುಸುಕನ್ನು ತೆಗೆಯಿತು. ಹೆಸರು ಹೊರಗೆ ಬಂದುದರ ಉಪಯೋಗ ಬೇಗನೆ ಕಂಡಿತು: 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನ ಪುರುಷರ ಸ್ಪರ್ಧೆಯಲ್ಲಿ ತಮ್ಮ ದೇಶದ ಜಿನ್ ಬೊಯಾಂಗ್‌ಗೆ ಒಲವು ತೋರಿದರೆಂದು ಚೀನಾದ ತೀರ್ಪುಗಾರ್ತಿ ಚೆನ್ ವೈಗುವಾಂಗ್ ಅವರನ್ನು ಎರಡು ವರ್ಷ ಅಮಾನತು ಮಾಡಲಾಯಿತು.

ಅಭಿಮಾನಿಯ ಪಾತ್ರವೂ ಈ ಕಾಲದಲ್ಲಿ ಬದಲಾಯಿತು. 6.0 ಕಾಲದ ಅಭಿಮಾನಿ ಗ್ಯಾಲರಿಯಿಂದ ಕೂಗುತ್ತಿದ್ದ. ಇಂದಿನವನು ಅಂಕಪಟ್ಟಿ ಹಿಡಿದ ಲೆಕ್ಕಪರಿಶೋಧಕ. ಒಂದು ಕ್ವಾಡ್‌ನಲ್ಲಿ ಸ್ಕೇಟರ್ ಗಾಳಿಯಲ್ಲಿರುವುದು ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು. ಕಾಲೂರುವಾಗ ಬ್ಲೇಡ್ ಸರಿಯಾಗಿ ಕಾಲು ಸುತ್ತಿನಷ್ಟು ಹಿಂದಿದ್ದರೆ ಒಂದು ಗುರುತು, ಅದಕ್ಕೂ ಹೆಚ್ಚಿದ್ದರೆ ಮೂಲಾಂಕಕ್ಕೇ ಕತ್ತರಿ, ಅರ್ಧ ಸುತ್ತು ಕಡಿಮೆಯಾದರೆ ಜಿಗಿತವೇ ಒಂದು ಸುತ್ತು ಕೆಳಗಿಳಿಯುತ್ತದೆ. ಕ್ಯಾಮೆರಾ ನಿಂತ ಕೋನದಿಂದ ಈ ಕಾಲು ಸುತ್ತು ಕಂಡೀತೇ ಎಂಬುದೇ ಪ್ರಶ್ನೆ. ಎಲ್‌ಬಿಡಬ್ಲ್ಯು ತೀರ್ಪನ್ನು ನಿಧಾನಗತಿಯಲ್ಲಿ ನೋಡಿ ಅಂಪೈರ್‌ನನ್ನು ಜರೆಯುವ ಕ್ರಿಕೆಟ್ ಪ್ರೇಮಿಗಳಂತೆ, ಸ್ಕೇಟಿಂಗ್ ಅಭಿಮಾನಿಗಳೂ ಚಿತ್ರವನ್ನು ಚೌಕಟ್ಟು ಚೌಕಟ್ಟಾಗಿ ನಿಲ್ಲಿಸಿ ಕೋನ ಅಳೆಯುತ್ತಾರೆ. ಆ ಅಳತೆ ತಮ್ಮ ನೆಚ್ಚಿನವನ ಎದುರಾಳಿಗಷ್ಟೇ ಕಟ್ಟುನಿಟ್ಟಾಗಿರುವುದೂ ಉಂಟು. ಪ್ರದರ್ಶನ ಮುಗಿಯುತ್ತಿದ್ದಂತೆ ಐಸ್ ಮೇಲೆ ವಿನ್ನಿ ದ ಪೂ ಗೊಂಬೆಗಳ ಮಳೆ ಸುರಿಸುತ್ತಿದ್ದ ಹನ್ಯು ಅಭಿಮಾನಿಗಳು ಈ ಬಗೆಯ ಪರಿಶೋಧನೆಯಲ್ಲಿ ಎಲ್ಲರಿಗಿಂತ ಮುಂದೆ. ಹನ್ಯು ಅವರೇ ವಾಸೆಡಾ ವಿಶ್ವವಿದ್ಯಾಲಯದ ಪದವಿ ಪ್ರಬಂಧಕ್ಕೆ ಆರಿಸಿಕೊಂಡ ವಿಷಯವೂ ಜಿಗಿತದ ಚಲನೆಯನ್ನು ಸಂವೇದಕಗಳಿಂದ ದಾಖಲಿಸುವುದು.

ಅಭಿಮಾನಿಯ ಮೆಚ್ಚುಗೆ ನಿಯಮವನ್ನೇ ಮೀರಿದ ಒಂದು ಪ್ರಸಂಗವೂ ಇದೆ. ಹಿಂದಕ್ಕೆ ಪಲ್ಟಿ ಹೊಡೆಯುವುದು 1970ರ ದಶಕದಿಂದ ನಿಷಿದ್ಧವಾಗಿತ್ತು. ಮಾಡಿದರೆ 2 ಅಂಕ ಕಡಿತವಾಗುತ್ತಿತ್ತು. ಫ್ರಾನ್ಸ್‌ನ ಆಡಮ್ ಸಿಯಾವೊ ಹಿಮ್ ಫಾ 2024ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಆ ದಂಡ ತೆತ್ತೇ ಪಲ್ಟಿ ಹೊಡೆದು ಗೆದ್ದರು. ಅದೇ ವರ್ಷದ ಮಾಂಟ್ರಿಯಲ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಶಾರ್ಟ್ ಪ್ರೋಗ್ರಾಂನ 19ನೇ ಸ್ಥಾನದಿಂದ ಕಂಚಿಗೆ ಏರಿದ ಪ್ರದರ್ಶನದಲ್ಲೂ ಪಲ್ಟಿ ಇತ್ತು. ಕೆಲವೇ ತಿಂಗಳಲ್ಲಿ ಒಕ್ಕೂಟ ನಿಷೇಧವನ್ನು ತೆಗೆದುಹಾಕಿತು.

ತಾಂತ್ರಿಕ ಅಂಕ ಮತ್ತು ಪ್ರದರ್ಶನಾಂಕದ ತೂಕ ಇನ್ನೂ ಸರಿಹೋಗಿಲ್ಲ. ಪುರುಷರ ಫ್ರೀ ಸ್ಕೇಟ್‌ನಲ್ಲಿ ಪ್ರದರ್ಶನಾಂಕಕ್ಕೆ ಸುಮಾರು 100ರ ಮಿತಿಯಿದೆ. ತಾಂತ್ರಿಕ ಅಂಕಕ್ಕೆ ಅಂಥ ಮಿತಿಯಿಲ್ಲ. ಪ್ಯೊಂಗ್‌ಚಾಂಗ್‌ನಲ್ಲಿ ಶಾರ್ಟ್ ಪ್ರೋಗ್ರಾಂ ನಂತರ 17ನೇ ಸ್ಥಾನದಲ್ಲಿದ್ದ ಅಮೆರಿಕದ ನೇಥನ್ ಚೆನ್ ಫ್ರೀ ಸ್ಕೇಟ್‌ನಲ್ಲಿ ಆರು ಕ್ವಾಡ್ ಮಾಡಿ 215.08 ಗಳಿಸಿದರು, ಅದರಲ್ಲಿ ತಾಂತ್ರಿಕ ಅಂಕವೇ 127.64. ಒಟ್ಟಾರೆ ಐದನೆಯವರಾದರೂ ಆ ದಿನದ ಫ್ರೀ ಸ್ಕೇಟ್ ಅವರದೇ. ನಾಲ್ಕೂವರೆ ಸುತ್ತಿನ ಆಕ್ಸೆಲ್ ಜಿಗಿತವನ್ನು ಸ್ಪರ್ಧೆಯಲ್ಲಿ ಮೊದಲು ಸಾಧಿಸಿದ್ದು 2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಇಲಿಯಾ ಮಲಿನಿನ್. 2024ರ ವಿಶ್ವ ಪ್ರಶಸ್ತಿಯನ್ನು ಅವರು 333.76 ಅಂಕಗಳಿಂದ ಗೆದ್ದರು. ಜಿಗಿತಗಳ ಎಣಿಕೆಯಲ್ಲಿ ನೃತ್ಯ ಕಳೆದುಹೋಯಿತೆಂದು ಒಂದು ಗುಂಪು ಕೊರಗುತ್ತದೆ, ಕ್ವಾಡ್ ಮಾಡುವವನಿಗೆ ಪ್ರದರ್ಶನಾಂಕವೂ ತಾನಾಗಿ ಏರುತ್ತದೆಂದು ಇನ್ನೊಂದು ಗುಂಪು ದೂರುತ್ತದೆ. ಎರಡನೆಯ ದೂರಿನಲ್ಲಿ ಹೆಚ್ಚು ಹುರುಳಿದೆ. 2024–25ರ ನಿಯಮಗಳಂತೆ ಫ್ರೀ ಸ್ಕೇಟ್‌ನ 12 ಅಂಶಗಳ ಗುಣಮಟ್ಟವನ್ನೂ, ಮೂರು ಶೀರ್ಷಿಕೆಗಳ ಪ್ರದರ್ಶನಾಂಕವನ್ನೂ ಒಬ್ಬನೇ ತೀರ್ಪುಗಾರ ಕೆಲವೇ ನಿಮಿಷಗಳಲ್ಲಿ ಹಾಕಬೇಕು. ಕ್ವಾಡ್‌ಗೆ +5 ಒತ್ತಿದ ಬೆರಳು ಪ್ರಸ್ತುತಿಗೆ 7.5 ಒತ್ತುವುದು ಕಷ್ಟ. ಈ ಎರಡು ಕೆಲಸಗಳನ್ನು ಎರಡು ಬೇರೆ ತಂಡಗಳಿಗೆ ಹಂಚದ ಹೊರತು, ಶೀರ್ಷಿಕೆಗಳನ್ನು ಐದರಿಂದ ಮೂರಕ್ಕೆ ಇಳಿಸಿದ್ದರಿಂದ ಪ್ರದರ್ಶನಾಂಕದ ಮೇಲಿನ ಅಪನಂಬಿಕೆ ಹೋಗುವುದಿಲ್ಲ.